ಹಾಫ್ಕಿನ್ ಪಂಡಿತನ ಚರಿತ್ರೆ

ಶಾಸ್ತ್ರವಿದ್ಯೆಯು ಯಾತಕ್ಕೆ? ಸೃಷ್ಟಿಯ ಗೂಢಗಳನ್ನು ಅರಿಯುವದಕ್ಕೋ, ಜನರ ಸಂಕಟವನ್ನು ನೀಗಿಸುವದಕ್ಕೋ? ಈ ಪ್ರಶ್ನೆಯನ್ನು ವಾಲ್ಡೆಮಾರ್ ಹಾಫ್ಕಿನ್ ಎಂಬವನ ಜೀವಮಾನದಿಂದ ವಿಚಾರಿಸೋಣ.

ಈತನು 1860ರಲ್ಲಿ ಒಡೆಸ್ಸಾ ಪಟ್ಟಣದ ಯೆಹೂದ್ಯ ಮನೆತನದಲ್ಲಿ ಹುಟ್ಟಿದನು. ಇವನು ವೈದ್ಯನಲ್ಲ, ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುವ ಪ್ರಾಣಿಶಾಸ್ತ್ರಜ್ಞನು. ಆ ಅಭ್ಯಾಸದಿಂದ ಆಗ ಯಾವ ರೋಗಿಯೂ ಗುಣಹೊಂದಲಿಲ್ಲ. ಆದರೂ ಅದೇ ಮುಂದಿನ ಬೆಳೆಗೆ ಬೀಜವಾಯಿತು. ಪ್ಯಾರಿಸಿನಲ್ಲಿ ಪಾಸ್ತರನ ಸಂಸ್ಥೆಯನ್ನು ಸೇರಿ ಕಾಲರಾ ಬೇನೆಗೆ ಲಸಿಕೆಯನ್ನು ಸಿದ್ಧಮಾಡಿ, 1892ರಲ್ಲಿ ಅದನ್ನು ಮೊದಲು ತನಗೇ ಚುಚ್ಚಿಕೊಂಡನು. ಮರುವರುಷ ಹಿಂದುಸ್ಥಾನಕ್ಕೆ ಬಂದನು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಹಾಫ್ಕಿನನು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು, ಅವುಗಳ ಕೆಳಗೆ ರೋಗದ ಕ್ರಿಮಿಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆಯನ್ನು ಮಾಡಿದನು. 1897ರ ಜನವರಿ 10ರಂದು ಅದನ್ನೂ ತನ್ನ ದೇಹದಲ್ಲಿಯೇ ಮೊದಲು ಪರೀಕ್ಷಿಸಿದನು.

ನಮ್ಮ ಗುತ್ತಲದ ಸೀಮೆಯು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. 1898ರಲ್ಲಿ ಆ ಜಿಲ್ಲೆಯನ್ನು ಪ್ಲೇಗು ಘೋರವಾಗಿ ಪೀಡಿಸಿತು. ಇಲಿ ಬಿದ್ದರೆ ಜನರು ಮನೆಮಾರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಹುಬ್ಬಳ್ಳಿಯಲ್ಲಿ 30,000ಕ್ಕಿಂತ ಹೆಚ್ಚು ಜನರು ಈ ಲಸಿಕೆಯನ್ನು ಹಾಕಿಸಿಕೊಂಡರು. ಅದು ಎಲ್ಲರನ್ನೂ ಉಳಿಸಲಿಲ್ಲ. ಆದರೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

1902ರಲ್ಲಿ ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಪರಾಧವನ್ನು ಹಾಫ್ಕಿನನ ಮೇಲೆ ಹೊರಿಸಿ ಅವನನ್ನು ಕೆಲಸದಿಂದ ದೂರಮಾಡಿದರು. ಬೇರೆ ಪಂಡಿತರು ವಿಚಾರಿಸಿ, ಆ ಸೀಸೆಯನ್ನು ಗ್ರಾಮದಲ್ಲಿ ತೆರೆಯುವಾಗಲೇ ವಿಷ ಸೇರಿರಬೇಕೆಂದು ತೋರಿಸಿಕೊಟ್ಟರು. 1907ರಲ್ಲಿ ಅಪವಾದವು ನೀಗಿತು. ತನ್ನನ್ನು ತಳ್ಳಿದ ದೇಶಕ್ಕೇ ಅವನು ತಿರಿಗಿ ಬಂದು ಕಲ್ಕತ್ತೆಯಲ್ಲಿ ಸೇವೆಮಾಡಿದನು. 1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟರು. 1930ರಲ್ಲಿ ಸ್ವಿಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡನು.

ಸಹೋದರರೇ, ಇವನು ಕ್ರೈಸ್ತನಲ್ಲ, ತನ್ನ ಪಿತೃಗಳ ಮತವನ್ನೇ ಅನುಸರಿಸಿದವನು. ಆದರೂ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನಂತೆ ನಡೆದನು. ಬಿತ್ತದೆ ಕೊಯ್ಯಬೇಕೆನ್ನುವ ಒಕ್ಕಲಿಗನು ಬುದ್ಧಿಹೀನನು. ಆದಕಾರಣ ಇಂದು ಉಪಯೋಗ ಕಾಣದ ಶೋಧನೆಯನ್ನು ಹೀನೈಸಬಾರದು. ಕೊಯ್ದದ್ದನ್ನು ಕಣಜದಲ್ಲಿಯೇ ಮುಚ್ಚಿಡುವವನು ಅವನಿಗಿಂತಲೂ ಬುದ್ಧಿಹೀನನು. ವಿದ್ಯೆಯು ನೆರೆಯವನ ಮನೆಬಾಗಲಿಗೆ ಮುಟ್ಟಿದಾಗಲೇ ಅದರ ಗುರಿ ಪೂರ್ಣವಾಗುವದೆಂದು ನಮ್ಮ ಎಣಿಕೆ. ನಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುವಾಗ, ಅವರು ಕಲಿತದ್ದರಿಂದ ಊರಿಗೆ ಏನು ಮೇಲಾಗುವದೆಂಬದನ್ನೂ ದೇವರ ಮುಂದೆ ಕೇಳಿಕೊಳ್ಳೋಣ.