ಹೊಸ ತಳಿ ಬಂದರೆ ಹಳೆ ಲಸಿಕೆ ವ್ಯರ್ಥವೇ? ಎಡ್ವರ್ಡ್ ಜೆನ್ನರ್ ಬದುಕಿನಲ್ಲಿದೆ ಉತ್ತರ

ಕೊರೊನಾದ ಹೊಸ ತಳಿ ಸುದ್ದಿಯಾದಾಗಲೆಲ್ಲ ಹಳೆ ಲಸಿಕೆ ವ್ಯರ್ಥ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಇದು ಎಷ್ಟು ನಿಜ? ನೋಡೋಣ.

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಟಿಳಕವಾಡಿ ಸಿಗುತ್ತದೆ. ಅಲ್ಲಿನ ವ್ಯಾಕ್ಸಿನ್ ಡಿಪೋ ಮೈದಾನದ ಹೆಸರಿಗೆ ಕಾರಣ, ಹಿಂದೆ ಅಲ್ಲಿ ತಯಾರಾಗುತ್ತಿದ್ದ ಸಿಡುಬಿನ ಲಸಿಕೆ. ಆ ಲಸಿಕೆಗೆ ದಾರಿ ತೋರಿದವರು ಎಡ್ವರ್ಡ್ ಜೆನ್ನರ್.

ಯಾರು ಈ ಜೆನ್ನರ್?

ಅವರು ಹುಟ್ಟಿದ್ದು 1749ರ ಮೇ 17ರಂದು, ಇಂಗ್ಲೆಂಡಿನ ಬರ್ಕ್ಲಿಯಲ್ಲಿ. ತಂದೆ ಪಾದ್ರಿ. ಲಂಡನ್ನಿನಲ್ಲಿ ಜಾನ್ ಹಂಟರ್ ಬಳಿ ವೈದ್ಯಕೀಯ ಕಲಿತು, ಊರಿಗೆ ಮರಳಿ ವೈದ್ಯರಾದರು. ಹಸುವಿನ ಸಿಡುಬು ತಗುಲಿದ ಹಾಲು ಕರೆಯುವವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬ ಮಾತು ಆ ಸೀಮೆಯ ಹಳ್ಳಿಗಳಲ್ಲಿತ್ತು. ಜೆನ್ನರ್ ಅದನ್ನು ಪರೀಕ್ಷಿಸಿದರು. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬಾಕೆಯ ಕೈಯ ಗುಳ್ಳೆಯ ರಸವನ್ನು 8 ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದರು. ಜುಲೈನಲ್ಲಿ ಸಿಡುಬಿನ ಕೀವನ್ನೇ ಚುಚ್ಚಿದರೂ ಹುಡುಗನಿಗೆ ರೋಗ ಬರಲಿಲ್ಲ. ಇಂದು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. 1798ರಲ್ಲಿ ಜೆನ್ನರ್ ತಮ್ಮ ಖರ್ಚಿನಲ್ಲೇ ಪುಸ್ತಕ ಪ್ರಕಟಿಸಿದರು. ಬಡವರಿಗೆ ಮನೆಯ ತೋಟದ ಗುಡಿಸಲಿನಲ್ಲಿ ಉಚಿತವಾಗಿ ಲಸಿಕೆ ಹಾಕಿದರು. 1823ರ ಜನವರಿ 26ರಂದು ತೀರಿಕೊಂಡರು.

ಬೇರೆ ವೈರಸ್‌ನ ಲಸಿಕೆ ಕೆಲಸ ಮಾಡಿದ್ದು ಹೇಗೆ?

ಎರಡೂ ವೈರಸ್‌ಗಳು ಒಂದೇ ಕುಟುಂಬದವು. ಹೊರಮೈಯಲ್ಲಿ ಹೋಲಿಕೆ ಹೆಚ್ಚು. ಹಾಗಾಗಿ ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಿಕೊಂಡು ಅದನ್ನು ತಡೆಯುತ್ತದೆ. ಆದರೆ ಈ ರಕ್ಷಣೆ ಜೀವನಪರ್ಯಂತ ಉಳಿಯುತ್ತದೆ ಎಂಬ ಜೆನ್ನರ್ ನಂಬಿಕೆ ಸರಿಯಾಗಲಿಲ್ಲ. ಮುಂದೆ ಮರುಲಸಿಕೆ ಬೇಕಾಯಿತು. ಹಾಗೆಂದು ಲಸಿಕೆ ವ್ಯರ್ಥವಾಗಲಿಲ್ಲ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿದೆ ಎಂದು ಘೋಷಣೆಯಾಯಿತು.

ಕೊರೊನಾ ವಿಷಯದಲ್ಲಿ?

ಸಿಡುಬಿನ ವೈರಸ್ ನಿಧಾನವಾಗಿ ಬದಲಾಗುತ್ತಿತ್ತು, ಕೊರೊನಾ ಬೇಗ ಬದಲಾಗುತ್ತದೆ. 2020ರಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯಲ್ಲೂ ಪರೀಕ್ಷೆಗೊಳಗಾದ ಕೋವ್ಯಾಕ್ಸಿನ್ ತಯಾರಾಗಿದ್ದು ಆರಂಭದ ತಳಿಯಿಂದ. ಅದರ ಪ್ರತಿಕಾಯಗಳು ಡೆಲ್ಟಾವನ್ನು ತಡೆಯುವ ಶಕ್ತಿ ಕಡಿಮೆಯಾಯಿತು, ಒಮಿಕ್ರಾನ್‌ ಎದುರು ಇನ್ನಷ್ಟು ಕುಗ್ಗಿತು. ಹಳೆಯ ಸೋಂಕಿನಿಂದ ಬಂದ ಪ್ರತಿಕಾಯಗಳಿಗೂ ಇದೇ ಮಿತಿ. ಅದಕ್ಕೇ ಮತ್ತೆ ಸೋಂಕು ತಗುಲಿತು. ಆದರೆ ಬೂಸ್ಟರ್ ಡೋಸ್ ಪ್ರತಿಕಾಯಗಳನ್ನು ಹೆಚ್ಚಿಸುತ್ತದೆ. ಸೋಂಕಿತ ಜೀವಕೋಶಗಳನ್ನು ಕೊಲ್ಲುವ ಟಿ-ಕೋಶಗಳು ಹೊಸ ತಳಿಯನ್ನೂ ಬಹುಮಟ್ಟಿಗೆ ಗುರುತಿಸುತ್ತವೆ. ತೀವ್ರ ಕಾಯಿಲೆಯಿಂದ ರಕ್ಷಣೆ ಹೆಚ್ಚು ಕಾಲ ಉಳಿಯುವುದು ಇದರಿಂದ.

ನೆನಪಿಡಿ: ಸೋಂಕು ತಗುಲುವುದು ಬೇರೆ, ಜೀವಕ್ಕೆ ಅಪಾಯವಾಗುವುದು ಬೇರೆ. ಲಸಿಕೆ ವ್ಯರ್ಥ ಎನ್ನುವ ಸಂದೇಶ ಬಂದರೆ, ಅದು ಈ ಎರಡರಲ್ಲಿ ಯಾವುದರ ಬಗ್ಗೆ ಹೇಳುತ್ತಿದೆ ಎಂದು ಮೊದಲು ನೋಡಿ. ಅದು ಸ್ಪಷ್ಟವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ ಎಂಬುದು ನಮ್ಮ ಮನವಿ.