ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್‌ಜಿ

ವಕೀಲರಾಗುವ ಆಸೆಯುಳ್ಳ ವಿದ್ಯಾರ್ಥಿ ಮಿತ್ರರೇ, ಮುಂಬಯಿಯ ಬದ್ರುದ್ದೀನ್ ತಯ್ಯಬ್‌ಜಿಯವರ (1844–1906) ಬದುಕನ್ನೊಮ್ಮೆ ನೋಡಿರಿ. ಲಂಡನ್ನಿನಲ್ಲಿ ಓದುತ್ತಿದ್ದಾಗ ಕಣ್ಣಿನ ತೊಂದರೆಯಿಂದ ಊರಿಗೆ ಮರಳಬೇಕಾಯಿತು. ಮತ್ತೆ ಹೋಗಿ ಓದು ಮುಗಿಸಿ, 1867ರಲ್ಲಿ ಮುಂಬಯಿಯ ಮೊದಲ ಭಾರತೀಯ ಬ್ಯಾರಿಸ್ಟರ್ ಆದರು. ಅಂಜುಮನ್-ಎ-ಇಸ್ಲಾಂ ಸ್ಥಾಪಕರಲ್ಲೊಬ್ಬರು, 1887ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು ಎಂಬುದನ್ನು ನೀವು ಪಠ್ಯದಲ್ಲಿಯೇ ಓದಿರಬಹುದು. 1895ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದ ಮೇಲಿನ ಒಂದು ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. 1897ರಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧಿತರಾದ ಲೋಕಮಾನ್ಯ ತಿಲಕರಿಗೆ ಜಾಮೀನು ನಿರಾಕರಿಸಲಾಗಿತ್ತು. ಅರ್ಜಿ ಮತ್ತೆ ಬಂದದ್ದು ತಯ್ಯಬ್‌ಜಿಯವರ ಮುಂದೆ. ಸೆರೆಯಲ್ಲಿ ಕೊಳೆತ ಆರೋಪಿ ಕೊನೆಗೆ ನಿರಪರಾಧಿ ಎಂದಾದರೆ ಆ ದಿನಗಳನ್ನು ಹಿಂದಿರುಗಿಸುವವರು ಯಾರು? ಬ್ರಿಟಿಷ್ ಸರ್ಕಾರ ವಿರೋಧಿಸಿದರೂ ಅವರು ಜಾಮೀನು ನೀಡಿದರು. ಮುಂದೆ ಬೇರೆ ನ್ಯಾಯಾಧೀಶರು ತಿಲಕರಿಗೆ 18 ತಿಂಗಳ ಶಿಕ್ಷೆ ವಿಧಿಸಿದರು, ಅದು ಬೇರೆ ಮಾತು. ತಯ್ಯಬ್‌ಜಿಯವರು 1902ರಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿಗಳಾದರು.