ವಿಮಾನಶಿಲ್ಪಿ ಎಲ್ಸಿ ಮ್ಯಾಕ್‌ಗಿಲ್

ವಿಮಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅದನ್ನು ನಡೆಸುವ ಚಾಲಕನ ಚಿತ್ರ. ಆದರೆ ವಿಮಾನವು ನೆಲವನ್ನು ಬಿಟ್ಟೇಳುವ ಮೊದಲು ಅದರ ರೆಕ್ಕೆಗಳ ಬಲವನ್ನು ಲೆಕ್ಕಹಾಕಿ, ಒಂದೊಂದು ಭಾಗವನ್ನೂ ಪರೀಕ್ಷಿಸಿ, ಅದರ ಭದ್ರತೆಯ ಹೊಣೆಯನ್ನು ಹೊರುವವರು ವಿಮಾನಶಿಲ್ಪಿಗಳು. ಈ ವಿದ್ಯೆ ಪುರುಷರಿಗೇ ಮೀಸಲೆಂದು ಜನರು ಭಾವಿಸಿದ್ದ ಕಾಲದಲ್ಲಿ, ನಡೆಯುವುದಕ್ಕೂ ಊರುಗೋಲನ್ನು ಆಶ್ರಯಿಸಬೇಕಾಗಿದ್ದ ಮಹಿಳೆಯೊಬ್ಬರು ಆ ಹೊಣೆಯನ್ನು ಹೊತ್ತರು. ಅವರೇ ಕೆನಡಾ ದೇಶದ ಎಲ್ಸಿ ಮ್ಯಾಕ್‌ಗಿಲ್.

ಎಲ್ಸಿಯವರು 1905ನೆಯ ಇಸವಿ ಮಾರ್ಚ್ 27ರಂದು ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ನಗರದಲ್ಲಿ ಜನಿಸಿದರು. ತಂದೆ ನ್ಯಾಯವಾದಿ. ತಾಯಿ ಹೆಲೆನ್ ಪತ್ರಕರ್ತೆ. ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದವರು. 1917ರಲ್ಲಿ ಅವರು ಬ್ರಿಟಿಷ್ ಕೊಲಂಬಿಯ ಪ್ರಾಂತದ ಮೊದಲ ಮಹಿಳಾ ನ್ಯಾಯಾಧೀಶರಾದರು. ಹೆಣ್ಣಾದ ಮಾತ್ರಕ್ಕೆ ಯಾವ ವಿದ್ಯೆಯೂ ನಿಷಿದ್ಧವಲ್ಲವೆಂಬ ಪಾಠವನ್ನು ಎಲ್ಸಿ ಮನೆಯಲ್ಲಿಯೇ ಕಲಿತರು.

1927ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಿಂದ ಅವರು ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದರು. ಕೆನಡಾದಲ್ಲಿ ಈ ಪದವಿಯನ್ನು ಗಳಿಸಿದ ಮೊದಲ ಮಹಿಳೆ ಅವರೇ. ಬಳಿಕ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯವನ್ನು ಸೇರಿ ವಿಮಾನಶಿಲ್ಪವನ್ನು ಅಭ್ಯಸಿಸಿದರು. 1929ರಲ್ಲಿ, ವ್ಯಾಸಂಗ ಮುಗಿಯುವ ಹೊತ್ತಿನಲ್ಲಿಯೇ, ಪೋಲಿಯೊ ರೋಗ ಅವರನ್ನು ಹಿಡಿಯಿತು. ಸ್ನಾತಕೋತ್ತರ ಪದವಿ ಕೈಸೇರಿತು. ಕಾಲುಗಳು ಸ್ವಾಧೀನ ತಪ್ಪಿದವು. ಜೀವನವನ್ನೆಲ್ಲ ಗಾಲಿಕುರ್ಚಿಯಲ್ಲಿಯೇ ಕಳೆಯಬೇಕಾದೀತೆಂದು ವೈದ್ಯರು ಎಚ್ಚರಿಸಿದರು.

ಎಲ್ಸಿ ಮರಳಿ ತಾಯ್ಮನೆಗೆ ಬಂದರು. ಕುಳಿತಲ್ಲಿಂದಲೇ ವಿಮಾನಗಳ ವಿಷಯವಾಗಿ ಪತ್ರಿಕೆಗಳಿಗೆ ಲೇಖನಗಳನ್ನು ಬರೆದು ಚಿಕಿತ್ಸೆಯ ವೆಚ್ಚಕ್ಕೆ ಹಣ ಕೂಡಿಸಿದರು. ಜೊತೆಜೊತೆಗೆ ಎರಡು ಲೋಹದ ಊರುಗೋಲುಗಳ ನೆರವಿನಿಂದ ನಡೆಯಲು ಅಭ್ಯಾಸಮಾಡಿದರು. ಸುಮಾರು ಮೂರು ವರ್ಷಗಳ ಈ ತಪಸ್ಸಿನ ಬಳಿಕ ಅವರು ಮತ್ತೆ ಅಮೆರಿಕಕ್ಕೆ ತೆರಳಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗ ಕೈಗೊಂಡರು.

1934ರಲ್ಲಿ ಅವರು ಮಾಂಟ್ರಿಯಲ್ ಬಳಿಯ ಫೇರ್‌ಚೈಲ್ಡ್ ವಿಮಾನ ಕಾರ್ಖಾನೆಯನ್ನು ಸೇರಿದರು. ಕಾಲುಗಳ ದೌರ್ಬಲ್ಯದಿಂದಾಗಿ ಚಾಲಕಿಯಾಗುವ ಅವಕಾಶ ಅವರಿಗೆ ದೊರೆಯಲಿಲ್ಲ. ಆದರೂ ಹೊಸ ವಿಮಾನಗಳ ಪರೀಕ್ಷಾ ಹಾರಾಟದಲ್ಲಿ ಅವರು ವೀಕ್ಷಕರಾಗಿ ಕುಳಿತು ಹಾರಿದರು. ಮೊದಲ ಹಾರಾಟ ಅಪಾಯಕರವೆಂಬುದನ್ನು ಅವರು ಬಲ್ಲರು. ತಮ್ಮ ಲೆಕ್ಕವನ್ನು ನಂಬಿ ಚಾಲಕನು ಪ್ರಾಣವನ್ನು ಒಡ್ಡುವಾಗ, ತಾವು ನೆಲದ ಮೇಲೆ ಉಳಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

1938ರಲ್ಲಿ ಫೋರ್ಟ್ ವಿಲಿಯಂ ಪಟ್ಟಣದ ಕೆನೇಡಿಯನ್ ಕಾರ್ ಅಂಡ್ ಫೌಂಡ್ರಿ ಕಾರ್ಖಾನೆ ಅವರನ್ನು ಮುಖ್ಯ ವಿಮಾನಶಿಲ್ಪಿಯಾಗಿ ನೇಮಿಸಿತು. ಅಲ್ಲಿ ಅವರು ಮೇಪಲ್ ಲೀಫ್ ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧದ ಕಾರ್ಮೋಡ ಕವಿಯಿತು. ಬ್ರಿಟನ್ನಿನ ಹರಿಕೇನ್ ಯುದ್ಧವಿಮಾನಗಳನ್ನು ತಯಾರಿಸುವ ಕಾರ್ಯ ಆ ಕಾರ್ಖಾನೆಗೆ ಬಂದಿತು. ಒಂದು ವಿಮಾನದಲ್ಲಿ ಸಾವಿರಾರು ಬಿಡಿಭಾಗಗಳು. ಕೆನಡಾದಲ್ಲಿ ತಯಾರಾದ ಭಾಗವು ಇಂಗ್ಲೆಂಡಿನಲ್ಲಿ ತಯಾರಾದ ವಿಮಾನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದಬೇಕು. ಸುಮಾರು 500 ಮಂದಿಯಿದ್ದ ಕೆಲಸಗಾರರ ಸಂಖ್ಯೆ 4,500ಕ್ಕೆ ಏರಿತು. ಅವರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರು. ಇವರೆಲ್ಲರ ಶ್ರಮವನ್ನು ಒಂದು ಕ್ರಮಕ್ಕೆ ತಂದು, 1943ರ ವೇಳೆಗೆ 1,400ಕ್ಕೂ ಹೆಚ್ಚು ಹರಿಕೇನ್‌ಗಳು ಹೊರಬರುವಂತೆ ಮಾಡಿದ ಕೀರ್ತಿಯಲ್ಲಿ ಎಲ್ಸಿಯವರ ಪಾಲು ದೊಡ್ಡದು. ಹಿಮದ ನಾಡಿನಲ್ಲಿ ಇಳಿಯಲು ಹಿಮಜಾರುಪಟ್ಟಿಗಳನ್ನೂ, ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟದಂತೆ ತಡೆಯುವ ಸಾಧನಗಳನ್ನೂ ಅವರು ಅಳವಡಿಸಿದರು. 1942ರಲ್ಲಿ ಅಮೆರಿಕದ ಚಿತ್ರಕಥಾ ಪುಸ್ತಕವೊಂದು ಅವರನ್ನು ಹರಿಕೇನ್‌ಗಳ ರಾಣಿಯೆಂದು ಕೊಂಡಾಡಿತು.

1943ರಲ್ಲಿ ಅವರು ಆ ಕಾರ್ಖಾನೆಯಿಂದ ಹೊರಬಂದು ಟೊರಾಂಟೊದಲ್ಲಿ ಸ್ವಂತ ಸಲಹಾ ಕಚೇರಿಯನ್ನು ತೆರೆದರು. ಯುದ್ಧ ಮುಗಿದ ಮೇಲೆ, ಪ್ರಯಾಣಿಕರ ವಿಮಾನಗಳ ಭದ್ರತೆಗಾಗಿ ಅಂತರರಾಷ್ಟ್ರೀಯ ನಿಯಮಗಳನ್ನು ರೂಪಿಸುವ ಕಾರ್ಯದಲ್ಲಿ ತಾಂತ್ರಿಕ ಸಲಹೆಗಾರರಾಗಿ ನೆರವಾದರು. 1953ರಲ್ಲಿ ಕಾಲು ಮುರಿದು ಮತ್ತೆ ಹಾಸಿಗೆ ಹಿಡಿದಾಗಲೂ ಅವರು ಸುಮ್ಮನಿರಲಿಲ್ಲ. ತಾಯಿಯ ಕಾಗದಪತ್ರಗಳನ್ನು ಜೋಡಿಸಿ ಆಕೆಯ ಜೀವನಚರಿತ್ರೆಯನ್ನು ಬರೆದರು. 1967ರಲ್ಲಿ ಕೆನಡಾ ಸರ್ಕಾರವು ಸ್ತ್ರೀಯರ ಸ್ಥಾನಮಾನಗಳನ್ನು ಕುರಿತು ನೇಮಿಸಿದ ಆಯೋಗದ ಸದಸ್ಯರಾಗಿ, ತಾಯಿ ಹಿಡಿದ ದಾರಿಯನ್ನೇ ಮುಂದುವರಿಸಿದರು.

1980ನೆಯ ಇಸವಿ ನವೆಂಬರ್ 4ರಂದು ಎಲ್ಸಿ ಮ್ಯಾಕ್‌ಗಿಲ್ ನಿಧನರಾದರು. ದೇಹದ ಕುಂದನ್ನು ಅವರು ಮರೆಮಾಡಲಿಲ್ಲ, ಅದರ ನೆಪ ಹೇಳಿ ಕರ್ತವ್ಯದಿಂದ ಹಿಂಜರಿಯಲೂ ಇಲ್ಲ. ನೆಲದ ಮೇಲೆ ಊರುಗೋಲನ್ನು ನೆಚ್ಚಿ ನಡೆದ ಅವರನ್ನು ನೆಚ್ಚಿ ಎಷ್ಟೋ ಜನರು ಆಕಾಶದಲ್ಲಿ ಹಾರಿದರು.